ಬ್ಲಾಕ್ ಬಿಡಿ, ಗೆರೆ ನೋಡಿ: ಎರಡು ಆಕಾಶವಾಣಿಗಳ ನಡುವೆ ಗ್ನೂ ರೇಡಿಯೋ ಕಲಿಕೆ

ಕಾಸರಗೋಡಿನವರ ರೇಡಿಯೋಗೆ ಎರಡು ಆಕಾಶವಾಣಿ. ಬಡಗಿನಿಂದ ಮಂಗಳೂರು ಕೇಂದ್ರದ 100.3 ಮೆಗಾಹರ್ಟ್ಸ್, ತೆಂಕಿನಿಂದ ಕಣ್ಣೂರು ಕೇಂದ್ರದ 101.5 ಮೆಗಾಹರ್ಟ್ಸ್. ಒಂದರಲ್ಲಿ ಕನ್ನಡ, ತುಳು, ಕೊಂಕಣಿ, ಇನ್ನೊಂದರಲ್ಲಿ ಮಲಯಾಳ. ಮಂಜೇಶ್ವರದವರಿಗೆ ಮೊದಲನೆಯದು ಹತ್ತಿರ, ನೀಲೇಶ್ವರದವರಿಗೆ ಎರಡನೆಯದು, ನಡುವೆ ಇರುವವರು ಆಂಟೆನಾ ತಿರುಗಿಸಿಕೊಂಡು ಇರಬೇಕು. ಎರಡರ ನಡುವಿನ ಅಂತರ 1.2 ಮೆಗಾಹರ್ಟ್ಸ್. ಸಾಫ್ಟ್‌ವೇರ್ ರೇಡಿಯೋ ಕಲಿಯುವವರಿಗೆ ಇಷ್ಟು ಒಳ್ಳೆಯ ಅಂತರ ಬೇಡಿದರೂ ಸಿಗುವುದಿಲ್ಲ. ಯಾಕೆಂದು ಲೆಕ್ಕ ಹಾಕುತ್ತ ಹೋದಂತೆ ಗೊತ್ತಾಗುತ್ತದೆ.

ಹಳೆಯ ರೇಡಿಯೋದಲ್ಲಿ ಸ್ಟೇಷನ್ ಆರಿಸುವುದು, ಅಲೆಯಿಂದ ಧ್ವನಿ ಬಿಡಿಸುವುದು, ಗೊರಗೊರ ಕಡಿಮೆ ಮಾಡುವುದು ಎಲ್ಲವೂ ಕಾಯಿಲ್, ಕೆಪಾಸಿಟರ್, ಐಸಿಗಳ ಕೆಲಸ. ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೋದಲ್ಲಿ ಯಂತ್ರದ ಪಾಲಿಗೆ ಉಳಿಯುವುದು ಒಂದೇ ಕೆಲಸ: ಆವರ್ತನಗಳ ಒಂದು ಪಟ್ಟಿಯನ್ನು ಹಿಡಿದು, ಅಳೆದು, ಸಂಖ್ಯೆಗಳಾಗಿ (ಇವೇ ಸ್ಯಾಂಪಲ್) ಕಂಪ್ಯೂಟರಿಗೆ ಕೊಡುವುದು. ಉಳಿದದ್ದೆಲ್ಲ ಪ್ರೋಗ್ರಾಮಿನ ಹೊಣೆ. ಈ ಅಳೆದು ಕೊಡುವ ಕೆಲಸವನ್ನು ತೀರಾ ಅಗ್ಗದಲ್ಲಿ ಮಾಡುವುದು ಆರ್‌ಟಿಎಲ್2832ಯು ಎಂಬ ಚಿಪ್ ಇರುವ ಯುಎಸ್‌ಬಿ ಡಾಂಗಲ್. ಅದನ್ನು ಮಾಡಿದ್ದು ಕಂಪ್ಯೂಟರಿನಲ್ಲಿ ಡಿಜಿಟಲ್ ಟಿವಿ ನೋಡಲಿಕ್ಕೆ. ಅದರಿಂದ ಕಚ್ಚಾ ಸ್ಯಾಂಪಲ್‌ಗಳನ್ನೇ ಹೊರಗೆಳೆಯಬಹುದು ಎಂಬ ಸುದ್ದಿ 2012ರಲ್ಲಿ ಹವ್ಯಾಸಿಗಳ ನಡುವೆ ಹಬ್ಬಿದ ಮೇಲೆ ಟಿವಿಗಿಂತ ರೇಡಿಯೋಗೇ ಅದು ಹೆಚ್ಚು ಹೆಸರಾಯಿತು.

ಕಂಪ್ಯೂಟರಿನ ಕಡೆ ಆ ಪ್ರೋಗ್ರಾಂ ಕಟ್ಟಿಕೊಡುವುದು ಗ್ನೂ ರೇಡಿಯೋ. ಎರಿಕ್ ಬ್ಲಾಸಮ್ 2001ರಲ್ಲಿ ಶುರು ಮಾಡಿದ್ದು, ಜಾನ್ ಗಿಲ್ಮೋರ್ ಹಣ ಕೊಟ್ಟದ್ದು, ಇಂದಿಗೂ ಸ್ವತಂತ್ರ ತಂತ್ರಾಂಶ. ಉಬುಂಟುವಿನ ಪ್ಯಾಕೇಜ್‌ಗಳಲ್ಲೇ ಸಿಗುತ್ತದೆ. ಕೇರಳದ ಶಾಲೆಗಳಲ್ಲಿ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್ ಮೂಲಕ ಬರುವ ಕಂಪ್ಯೂಟರುಗಳಲ್ಲಿ ಗ್ನೂ/ಲಿನಕ್ಸ್ ಇರುವುದರಿಂದ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪರದೆ ಹೊಸದಲ್ಲ. ಈ ವಿಷಯದಲ್ಲಿ ಗಡಿಯ ಆಚೆಯವರಿಗಿಂತ ನಾವು ಒಂದು ಹೆಜ್ಜೆ ಮುಂದೆ ಎಂದು ಸ್ವಲ್ಪ ಜಂಬ ಪಡಬಹುದು.

ಗ್ನೂ ರೇಡಿಯೋ ಕಂಪ್ಯಾನಿಯನ್ ಎಂಬ ಅದರ ಪರದೆ ತೆರೆದರೆ ಒಂದು ಬದಿಯಲ್ಲಿ ಒಂದೊಂದು ಕೆಲಸ ಮಾಡುವ ನೂರಾರು ಬ್ಲಾಕ್‌ಗಳ ಪಟ್ಟಿ. ಬೇಕಾದ್ದನ್ನು ಎಳೆದು ತಂದು ಹಾಳೆಯ ಮೇಲಿಡುವುದು, ಒಂದರ ಬಾಯಿಂದ ಇನ್ನೊಂದರ ಬಾಯಿಗೆ ಗೆರೆ ಎಳೆಯುವುದು, ಓಡಿಸುವ ಗುಂಡಿ ಒತ್ತುವುದು. ಹಿಂದುಗಡೆ ಅದು ಪೈಥಾನಿನಲ್ಲಿ ಒಂದು ಪ್ರೋಗ್ರಾಂ ಬರೆದುಕೊಳ್ಳುತ್ತದೆ. ಭಾರದ ಲೆಕ್ಕ ಮಾಡುವ ಬ್ಲಾಕ್‌ಗಳ ಹೊಟ್ಟೆಯಲ್ಲಿ ಇರುವುದು ಹೆಚ್ಚಾಗಿ ಸಿ++. ನೋಡಲು ಸುಲಭ. ಕಲಿಯುವವರು ದಾರಿ ತಪ್ಪುವುದೂ ಈ ಸುಲಭದಿಂದಲೇ. ಎಲ್ಲೋ ಸಿಕ್ಕಿದ ಎಫ್‌ಎಂ ರಿಸೀವರಿನ ಚಿತ್ರವನ್ನು ಹಾಗೆಯೇ ಇಳಿಸಿಕೊಂಡು, ಸ್ಟೇಷನ್ ನಂಬರ್ ಬದಲಿಸಿ ಕೇಳುತ್ತಾರೆ. ಕೇಳಿದರೆ ಸಂತೋಷ, ಕೇಳದಿದ್ದರೆ ಯಾವ ಬ್ಲಾಕ್ ಹಾಳಾಗಿದೆ ಎಂದು ಹುಡುಕುತ್ತಾರೆ. ಬ್ಲಾಕ್ ಯಾವುದೂ ಹಾಳಾಗಿರುವುದಿಲ್ಲ. ಎರಡು ಬ್ಲಾಕ್‌ಗಳ ನಡುವಿನ ಗೆರೆಯ ಲೆಕ್ಕ ತಪ್ಪಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಬ್ಲಾಕ್‌ಗಳ ಹೆಸರು ಬಾಯಿಪಾಠ ಮಾಡುವುದು ವ್ಯರ್ಥ. ಹಾಳೆಯ ಮೇಲಿನ ಪ್ರತಿ ಗೆರೆಗೂ ಮೂರು ಪ್ರಶ್ನೆ ಕೇಳಬೇಕು. ಇದರಲ್ಲಿ ಹರಿಯುವ ಸಂಖ್ಯೆ ಯಾವ ಜಾತಿಯದು? ಸೆಕೆಂಡಿಗೆ ಎಷ್ಟು ಬರುತ್ತವೆ? ಇದರಲ್ಲಿ ಸೊನ್ನೆ ಹರ್ಟ್ಸ್ ಎಂದರೆ ಹೊರಗಿನ ಯಾವ ಆವರ್ತನ? ಮೂರಕ್ಕೂ ಉತ್ತರ ಗೊತ್ತಿದ್ದರೆ ಮುಂದೆ ಯಾವ ಬ್ಲಾಕ್ ಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಮೊದಲ ಪ್ರಶ್ನೆಗೆ ಕಂಪ್ಯಾನಿಯನ್ ತಾನೇ ಸಹಾಯ ಮಾಡುತ್ತದೆ. ಬ್ಲಾಕ್‌ನ ಬಾಯಿಗಳಿಗೆ ಬಣ್ಣವಿದೆ: ನೀಲಿ ಎಂದರೆ ಕಾಂಪ್ಲೆಕ್ಸ್ (ಜೋಡಿ ಸಂಖ್ಯೆ), ಕಿತ್ತಳೆ ಎಂದರೆ ಫ್ಲೋಟ್ (ದಶಾಂಶದ ಒಂಟಿ ಸಂಖ್ಯೆ). ಹೊಂದದ ಎರಡನ್ನು ಜೋಡಿಸಿದರೆ ಗೆರೆ ಕೆಂಪಾಗುತ್ತದೆ, ಪ್ರೋಗ್ರಾಂ ಓಡುವುದಿಲ್ಲ. ಉಳಿದೆರಡು ಪ್ರಶ್ನೆಗಳಿಗೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಹೊಸಬರಿಗೆ ಯಾರೂ ಬಿಡಿಸಿ ಹೇಳದ ಸಂಗತಿ ಇದು: ಗೆರೆಯಲ್ಲಿ ಹೋಗುವುದು ಬರಿಯ ಸಂಖ್ಯೆಗಳು, ಅವುಗಳ ಮೇಲೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬುದು) ಬರೆದಿರುವುದಿಲ್ಲ. ಬ್ಲಾಕ್ ತೆರೆದು ನೀವು ತುಂಬಿಸುವ ಸ್ಯಾಂಪಲ್ ರೇಟ್ ಆ ಬ್ಲಾಕ್ ತನ್ನ ಲೆಕ್ಕಕ್ಕೆ ನಂಬಿಕೊಳ್ಳುವ ಮಾತು ಅಷ್ಟೇ. 24 ಲಕ್ಷ ಬರುವಲ್ಲಿ 2 ಲಕ್ಷ ಎಂದು ಸುಳ್ಳು ಹೇಳಿದರೆ ಅದು ನಂಬುತ್ತದೆ, ಗ್ರಾಫಿನ ಕೆಳಗೆ ತಪ್ಪು ಅಂಕಿಗಳನ್ನು ಅಚ್ಚುಕಟ್ಟಾಗಿ ಬರೆದು ತೋರಿಸುತ್ತದೆ.

ಎರಡು ಕಡೆಯಿಂದ ನೋಡುವ ಸಂಖ್ಯೆ

ಕಾಂಪ್ಲೆಕ್ಸ್ ಎಂದೊಡನೆ ಪಿಯುಸಿ ಗಣಿತ ನೆನಪಾಗಿ ಹೆದರುವವರಿದ್ದಾರೆ. ಹೆದರಿಕೆ ಬೇಡ, ಇಲ್ಲಿ ಅದು ಬಂದಿರುವುದು ಒಂದು ಸರಳ ಅಗತ್ಯಕ್ಕೆ. ಸೈಕಲ್ ತುಳಿಯುವವನನ್ನು ನೇರ ಹಿಂದಿನಿಂದ ನೋಡಿದರೆ ಪೆಡಲ್ ಮೇಲೆ ಕೆಳಗೆ ಹೋಗುವುದು ಮಾತ್ರ ಕಾಣುತ್ತದೆ. ಮುಂದಕ್ಕೆ ತುಳಿಯುತ್ತಿದ್ದಾನೋ ಹಿಂದಕ್ಕೋ ಹೇಳಲಾಗದು. ಅದೇ ಹೊತ್ತಿಗೆ ಪೆಡಲ್ ಎಷ್ಟು ಮುಂದೆ, ಎಷ್ಟು ಹಿಂದೆ ಇದೆ ಎಂಬ ಇನ್ನೊಂದು ಅಳತೆ ಸಿಕ್ಕಿದರೆ ತಿರುಗುವ ದಿಕ್ಕು ಗೊತ್ತಾಗುತ್ತದೆ. ಕಾಂಪ್ಲೆಕ್ಸ್ ಸ್ಯಾಂಪಲ್ ಎಂದರೆ ಒಂದೇ ಕ್ಷಣದ ಇಂತಹ ಎರಡು ಅಳತೆ. ರೇಡಿಯೋದವರು ಅವನ್ನು ಐ ಮತ್ತು ಕ್ಯೂ ಎನ್ನುತ್ತಾರೆ.

ದಿಕ್ಕು ಯಾಕೆ ಬೇಕು? ಡಾಂಗಲನ್ನು 100.9 ಮೆಗಾಹರ್ಟ್ಸ್‌ಗೆ ಕೂರಿಸಿ. ಎರಡು ಆಕಾಶವಾಣಿಗಳ ನಟ್ಟನಡು ಅದು. ಒಳಗೆ ಬಂದ ಸಂಖ್ಯೆಗಳಲ್ಲಿ 100.9 ಎಂಬುದು ಸೊನ್ನೆಯಾಗುತ್ತದೆ. ಕಣ್ಣೂರು ಅಲ್ಲಿಂದ 600 ಕಿಲೋಹರ್ಟ್ಸ್ ಮೇಲೆ, ಮಂಗಳೂರು 600 ಕಿಲೋಹರ್ಟ್ಸ್ ಕೆಳಗೆ. ಒಂದು ಮುಂದಕ್ಕೆ ತಿರುಗುತ್ತದೆ, ಇನ್ನೊಂದು ಅಷ್ಟೇ ವೇಗದಲ್ಲಿ ಹಿಂದಕ್ಕೆ. ಐ ಒಂದನ್ನೇ ಇಟ್ಟುಕೊಂಡು ಕ್ಯೂ ಬಿಸಾಡಿದರೆ ಎರಡೂ 600 ಕಿಲೋಹರ್ಟ್ಸ್‌ನ ಒಂದೇ ಅಲುಗಾಟವಾಗಿ ಒಂದರ ಮೇಲೊಂದು ಬೀಳುತ್ತವೆ. ಮತ್ತೆ ಯಾವ ಫಿಲ್ಟರ್ ಹಾಕಿದರೂ ಕನ್ನಡ ವಾರ್ತೆಯಿಂದ ಮಲಯಾಳ ವಾರ್ತೆಯನ್ನು ಬಿಡಿಸಲಾಗದು.

ಇದನ್ನು ಡಾಂಗಲ್ ಇಲ್ಲದೆಯೇ ನೋಡಬಹುದು. ಹೊಸ ಹಾಳೆಯಲ್ಲಿ ಸ್ಯಾಂಪಲ್ ರೇಟ್ ಮೊದಲೇ 32,000 ಎಂದು ಇರುತ್ತದೆ, ಇರಲಿ. ಅಲೆ ಹುಟ್ಟಿಸುವ ಒಂದು ಸಿಗ್ನಲ್ ಸೋರ್ಸ್, ಅದರ ಮುಂದೆ ವೇಗ ತಡೆಯುವ ಥ್ರಾಟಲ್, ಅದರ ಮುಂದೆ ಆವರ್ತನಗಳ ಗ್ರಾಫ್ ತೋರಿಸುವ ಫ್ರೀಕ್ವೆನ್ಸಿ ಸಿಂಕ್. ಆವರ್ತನ 1,000 ಕೊಟ್ಟರೆ ಸೊನ್ನೆಯ ಬಲಕ್ಕೆ ಒಂದು ಮೊನೆ ಏಳುತ್ತದೆ, ಮೈನಸ್ 1,000 ಕೊಟ್ಟರೆ ಎಡಕ್ಕೆ. ಈಗ ಮೂರನ್ನೂ ಫ್ಲೋಟ್‌ಗೆ ಬದಲಿಸಿ. ಪ್ಲಸ್ ಕೊಟ್ಟರೂ ಮೈನಸ್ ಕೊಟ್ಟರೂ ಎರಡು ಬದಿಯಲ್ಲೂ ಮೊನೆ. ನಾಲ್ಕು ಪುಟದ ವಿವರಣೆಗಿಂತ ಈ ಐದು ನಿಮಿಷದ ಪ್ರಯೋಗ ಮೇಲು.

24 ಲಕ್ಷದಿಂದ 48 ಸಾವಿರಕ್ಕೆ

ಇನ್ನು ನಿಜವಾದ ರಿಸೀವರ್. ಡಾಂಗಲಿನ ಸೋರ್ಸ್ ಬ್ಲಾಕ್‌ನಲ್ಲಿ ಆವರ್ತನ 100.9 ಮೆಗಾಹರ್ಟ್ಸ್, ಸ್ಯಾಂಪಲ್ ರೇಟ್ 24 ಲಕ್ಷ. ಕಾಂಪ್ಲೆಕ್ಸ್ ಆಗಿರುವುದರಿಂದ 24 ಲಕ್ಷ ಸ್ಯಾಂಪಲ್‌ಗೆ 2.4 ಮೆಗಾಹರ್ಟ್ಸ್ ಅಗಲವೇ ಕಾಣುತ್ತದೆ: 99.7ರಿಂದ 102.1ರ ತನಕ. ಎರಡು ಕೇಂದ್ರಗಳೂ ಒಳಗೆ. ಡಾಂಗಲ್ ಒಂದೊಂದು ಅಳತೆಗೂ 8 ಬಿಟ್ ಕೊಡುತ್ತದೆ, ಹಾಗಾಗಿ ಯುಎಸ್‌ಬಿಯಲ್ಲಿ ಬರುವುದು ಸೆಕೆಂಡಿಗೆ 48 ಲಕ್ಷ ಬೈಟ್. ಗ್ನೂ ರೇಡಿಯೋ ಅದನ್ನು ತನ್ನ ಕಾಂಪ್ಲೆಕ್ಸ್ ಜಾತಿಗೆ ಬದಲಿಸಿದಾಗ ಸ್ಯಾಂಪಲ್‌ಗೆ 8 ಬೈಟ್ ಆಗಿ ಗೆರೆಯಲ್ಲಿ ಸೆಕೆಂಡಿಗೆ 1.92 ಕೋಟಿ ಬೈಟ್. ಈ ಗೆರೆಗೆ ಫೈಲ್ ಸಿಂಕ್ ಜೋಡಿಸಿ ಚಾ ಕುಡಿಯಲು ಎದ್ದುಹೋದರೆ ನಿಮಿಷಕ್ಕೆ ಒಂದು ಜಿಬಿಗೂ ಮಿಕ್ಕಿ ಡಿಸ್ಕ್ ತುಂಬುತ್ತದೆ. ಕಿವಿಗೆ ಬೇಕಾದ್ದು ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ ಮಾತ್ರ. 24 ಲಕ್ಷವನ್ನು 48 ಸಾವಿರಕ್ಕೆ ಇಳಿಸುವುದು, ಅಂದರೆ 50ರಲ್ಲಿ ಒಂದು ಭಾಗ ಮಾಡುವುದು, ಮುಂದಿನ ಕೆಲಸ. 10 ಮತ್ತು 5 ಎಂದು ಎರಡು ಹಂತದಲ್ಲಿ ಇಳಿಸಿದರೆ ಎಲ್ಲೂ ಭಿನ್ನರಾಶಿ ಬರುವುದಿಲ್ಲ.

ಮೊದಲ ಹಂತದ ಬ್ಲಾಕ್‌ಗೆ ಫ್ರೀಕ್ವೆನ್ಸಿ ಕ್ಸ್‌ಲೇಟಿಂಗ್ ಎಫ್‌ಐಆರ್ ಫಿಲ್ಟರ್ ಎಂಬ ಉದ್ದ ಹೆಸರು. ಒಳಗೆ ಮೂರು ಕೆಲಸ. ಬೇಕಾದ ಕೇಂದ್ರವನ್ನು ಸೊನ್ನೆಗೆ ತಂದು ನಿಲ್ಲಿಸುವುದು (ಮಂಗಳೂರಿಗೆ ಇಲ್ಲಿ ಮೈನಸ್ 6,00,000 ಎಂದು ಬರೆಯಬೇಕು), ಸುತ್ತಲಿನದ್ದನ್ನು ಸೋಸುವುದು, ಹತ್ತರಲ್ಲಿ ಒಂದು ಸ್ಯಾಂಪಲ್ ಉಳಿಸಿ ಒಂಬತ್ತನ್ನು ಬಿಡುವುದು. ಸೋಸುವ ಮೊದಲೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ನಮ್ಮ ಆಕಾಶದಲ್ಲೇ ಇದೆ. ಮಂಗಳೂರು ಸೊನ್ನೆಗೆ ಬಂದಾಗ ಕಣ್ಣೂರು 1,200 ಕಿಲೋಹರ್ಟ್ಸ್ ದೂರದಲ್ಲಿರುತ್ತದೆ. ಹತ್ತರಲ್ಲಿ ಒಂದನ್ನು ಉಳಿಸಿದ ಮೇಲೆ ಸ್ಯಾಂಪಲ್ ರೇಟ್ 2 ಲಕ್ಷ 40 ಸಾವಿರ. ಆ ರೇಟಿನಲ್ಲಿ 240 ಕಿಲೋಹರ್ಟ್ಸ್‌ನ ಪ್ರತಿ ಗುಣಕವೂ ಸೊನ್ನೆಯ ಹಾಗೆಯೇ ಕಾಣುತ್ತದೆ. 1,200 ಎಂದರೆ 240ರ ಐದರಷ್ಟು, ಸರಿಯಾಗಿ. ಸೋಸದೆ ಬಿಟ್ಟರೆ ಕಣ್ಣೂರು ಬಂದು ಮಂಗಳೂರಿನ ತಲೆಯ ಮೇಲೆಯೇ ಕೂರುತ್ತದೆ. ಪುಸ್ತಕಗಳು ಆಲಿಯಾಸಿಂಗ್ ಎನ್ನುವುದು ಇದನ್ನೇ. ಬೇರೆ ಊರಿನವರು ಇದಕ್ಕೆ ಕೃತಕ ಉದಾಹರಣೆ ಕಟ್ಟಬೇಕು.

ಸೋಸುವ ಫಿಲ್ಟರ್ ಎಷ್ಟು ಅಗಲ ಇರಬೇಕು? ಎಫ್‌ಎಂ ಪ್ರಸಾರದಲ್ಲಿ ಅಲೆಯ ಆವರ್ತನ ನಡುವಿನಿಂದ 75 ಕಿಲೋಹರ್ಟ್ಸ್ ತನಕ ಆಚೆ ಈಚೆ ಓಲಾಡುತ್ತದೆ. ಧ್ವನಿಯ ಗರಿಷ್ಠ ಆವರ್ತನ 15 ಕಿಲೋಹರ್ಟ್ಸ್. ಕಾರ್ಸನ್ ನಿಯಮದ ಪ್ರಕಾರ ಎರಡನ್ನೂ ಕೂಡಿಸಿ ದುಪ್ಪಟ್ಟು ಮಾಡಿದರೆ 180 ಕಿಲೋಹರ್ಟ್ಸ್, ಅಂದರೆ ಸೊನ್ನೆಯಿಂದ ಎರಡೂ ಬದಿಗೆ 90. ಕಟ್‌ಆಫ್ (ತಡೆ ಶುರುವಾಗುವ ಅಂಚು) 100 ಕಿಲೋಹರ್ಟ್ಸ್ ಇಟ್ಟರೆ ಸರಿಹೋಗುತ್ತದೆ.

ಕಟ್‌ಆಫ್‌ಗಿಂತ ದುಬಾರಿ ಇನ್ನೊಂದು ಅಂಕಿ: ಟ್ರಾನ್ಸಿಷನ್ ವಿಡ್ತ್. ಬಿಡುವ ಭಾಗದಿಂದ ತಡೆಯುವ ಭಾಗಕ್ಕೆ ಎಷ್ಟು ಕಡಿದಾಗಿ ಇಳಿಯಬೇಕು ಎಂಬುದು. ಕಡಿದಾದಷ್ಟೂ ಒಳ್ಳೆಯದೆಂದು ಹೊಸಬರು 1 ಕಿಲೋಹರ್ಟ್ಸ್ ಬರೆದುಬಿಡುತ್ತಾರೆ. ಗ್ನೂ ರೇಡಿಯೋ ಹ್ಯಾಮಿಂಗ್ ವಿಂಡೋ ಎಂಬ ಫಿಲ್ಟರ್ ವಿಧಾನ ಬಳಸಿ ಟ್ಯಾಪ್‌ಗಳ (ಫಿಲ್ಟರಿನ ಗುಣಾಕಾರದ ಅಂಕಿಗಳ) ಸಂಖ್ಯೆ ಕಂಡುಹಿಡಿಯುವ ಕ್ರಮ ಸುಲಭ: 53ನ್ನು ಸ್ಯಾಂಪಲ್ ರೇಟಿನಿಂದ ಗುಣಿಸಿ, ಟ್ರಾನ್ಸಿಷನ್ ವಿಡ್ತ್‌ನ 22 ಪಟ್ಟಿನಿಂದ ಭಾಗಿಸುವುದು. 20 ಕಿಲೋಹರ್ಟ್ಸ್ ಕೊಟ್ಟರೆ 289 ಟ್ಯಾಪ್. ಉಳಿಯುವ ಪ್ರತಿ ಸ್ಯಾಂಪಲ್‌ಗೂ 289 ಗುಣಾಕಾರ, ಸೆಕೆಂಡಿಗೆ ಸುಮಾರು 7 ಕೋಟಿ; ಹಳೆಯ ಲ್ಯಾಪ್‌ಟಾಪ್ ಕೂಡ ತಾಳುತ್ತದೆ. 1 ಕಿಲೋಹರ್ಟ್ಸ್ ಕೊಟ್ಟರೆ 5,781 ಟ್ಯಾಪ್, ಸೆಕೆಂಡಿಗೆ ಸುಮಾರು 139 ಕೋಟಿ ಗುಣಾಕಾರ. ಫ್ಯಾನ್ ಗುಂಯ್‌ಗುಡುತ್ತದೆ, ಧ್ವನಿ ತುಂಡು ತುಂಡಾಗುತ್ತದೆ, ತಪ್ಪು ಡಾಂಗಲಿನ ತಲೆಗೆ ಬರುತ್ತದೆ. ಅಂದ ಹಾಗೆ ಹತ್ತರಲ್ಲಿ ಒಂದನ್ನು ಉಳಿಸುವ ಕೆಲಸ ಈ ಫಿಲ್ಟರಿನ ಒಳಗೇ ಸೇರಿರುವುದಕ್ಕೂ ಇದೇ ಕಾರಣ. ಹೇಗೂ ಬಿಸಾಡುವ ಒಂಬತ್ತು ಸ್ಯಾಂಪಲ್‌ಗಳಿಗೆ ಲೆಕ್ಕ ಮಾಡುವುದೇ ಇಲ್ಲ. ಬೇರೆ ಬೇರೆ ಬ್ಲಾಕ್ ಇಟ್ಟು ಮೊದಲು ಪೂರ್ತಿ ಸೋಸಿ ಆಮೇಲೆ ಬಿಟ್ಟರೆ ಹತ್ತು ಪಾಲು ದುಡಿಮೆ.

ಈಗ ಗೆರೆಯ ಲೆಕ್ಕ: ಕಾಂಪ್ಲೆಕ್ಸ್, 2 ಲಕ್ಷ 40 ಸಾವಿರ, ಸೊನ್ನೆ ಎಂದರೆ 100.3. ಇದಕ್ಕೆ ಎಫ್‌ಎಂ ಡೀಮಾಡ್ ಬ್ಲಾಕ್. ಅದು ಮಾಡುವುದು ಅತಿ ಸಣ್ಣ ಉಪಾಯ. ಒಂದು ಸ್ಯಾಂಪಲ್‌ನಿಂದ ಮುಂದಿನದಕ್ಕೆ ಕೋನ ಎಷ್ಟು ತಿರುಗಿತು ಎಂದು ನೋಡುವುದು. ಆ ತಿರುಗುವಿಕೆಯೇ ಧ್ವನಿ. ಗರಿಷ್ಠ 75 ಕಿಲೋಹರ್ಟ್ಸ್ ಓಲಾಟಕ್ಕೆ ಈ ರೇಟಿನಲ್ಲಿ ಒಂದು ಹೆಜ್ಜೆಗೆ 112.5 ಡಿಗ್ರಿ. 180ಕ್ಕಿಂತ ಕಡಿಮೆ ಇರುವುದರಿಂದ ಗೊಂದಲವಿಲ್ಲ. ಇನ್ನೂ ಉಳಿತಾಯವಾಗಲಿ ಎಂದು ರೇಟನ್ನು ಒಂದೂವರೆ ಲಕ್ಷಕ್ಕಿಂತ ಕೆಳಗಿಳಿಸಿದರೆ ಗಟ್ಟಿ ಧ್ವನಿ ಬಂದಾಗಲೆಲ್ಲ ಹೆಜ್ಜೆ 180 ಡಿಗ್ರಿ ದಾಟಿ, ಮುಂದಕ್ಕೆ ತಿರುಗಿದ್ದು ಹಿಂದಕ್ಕೆ ತಿರುಗಿದಂತೆ ಕಂಡು, ಚಂಡೆಯ ಪ್ರತಿ ಪೆಟ್ಟಿಗೂ ಪಟಪಟ ಒಡೆದ ಸದ್ದು ಬರುತ್ತದೆ.

ಈ ಬ್ಲಾಕ್‌ನಲ್ಲಿ ಚಾನೆಲ್ ರೇಟ್ 2,40,000, ಡೆಸಿಮೇಷನ್ (ಎಷ್ಟರಲ್ಲಿ ಒಂದು ಉಳಿಸುವುದು) 5, ಡೀವಿಯೇಷನ್ (ಓಲಾಟ) 75,000. ಕೊನೆಯಲ್ಲಿ ಟೌ ಎಂಬ ಒಂದು ಖಾನೆ ಇದೆ. ಪ್ರಸಾರ ಕೇಂದ್ರಗಳು ಗೊರಗೊರವನ್ನು ಮೀರಲು ತೀಕ್ಷ್ಣ ಸ್ವರಗಳನ್ನು ಎತ್ತಿ ಕಳಿಸುತ್ತವೆ, ರಿಸೀವರ್ ಅಷ್ಟೇ ಇಳಿಸಬೇಕು. ಇಳಿಸುವ ಪ್ರಮಾಣ ಅಮೆರಿಕದಲ್ಲಿ 75 ಮೈಕ್ರೋಸೆಕೆಂಡ್, ಭಾರತ ಮತ್ತು ಯುರೋಪಿನಲ್ಲಿ 50. ಬ್ಲಾಕ್ ತಾನಾಗಿ ಇಟ್ಟುಕೊಂಡಿರುವುದು ಅಮೆರಿಕದ ಅಂಕಿ. ಬದಲಿಸದಿದ್ದರೆ ಕೊಳಲಿನ ಮೇಲಿನ ಸ್ವರಗಳು ಮಂಕಾಗಿ ಕೇಳುತ್ತವೆ.

ಹೊರಗೆ ಬರುವುದು ಕಿತ್ತಳೆ ಬಣ್ಣದ ಗೆರೆ: ಫ್ಲೋಟ್, 48 ಸಾವಿರ. ಸೊನ್ನೆ ಈಗ ಯಾವ ರೇಡಿಯೋ ಆವರ್ತನವೂ ಅಲ್ಲ, ಕಿವಿಯ ಸೊನ್ನೆ. ಇದನ್ನು ಸ್ಪೀಕರಿಗೆ ಕಳಿಸುವ ಆಡಿಯೋ ಸಿಂಕ್‌ಗೆ ಕೊಟ್ಟರೆ ಮುಗಿಯಿತು. ಸೋರ್ಸಿನಿಂದ ಇನ್ನೊಂದು ಗೆರೆ ಎಳೆದು, ಅದೇ ಎರಡು ಬ್ಲಾಕ್‌ಗಳ ನಕಲಿಟ್ಟು, ಮೈನಸ್ 6,00,000 ಇದ್ದಲ್ಲಿ ಪ್ಲಸ್ ಮಾಡಿದರೆ ಕಣ್ಣೂರು. ಆಡಿಯೋ ಸಿಂಕ್‌ಗೆ ಎರಡು ಬಾಯಿ ಕೊಟ್ಟು ಎಡಕ್ಕೆ ಮಂಗಳೂರು, ಬಲಕ್ಕೆ ಕಣ್ಣೂರು ಜೋಡಿಸಿದರೆ ಒಂದು ಕಿವಿಗೆ ಕನ್ನಡ, ಇನ್ನೊಂದಕ್ಕೆ ಮಲಯಾಳ. ಕಾಸರಗೋಡಿನವರ ತಲೆಯೊಳಗೆ ಇದು ಹೇಗೂ ದಿನವಿಡೀ ನಡೆದೇ ಇರುತ್ತದೆ.

ಗಡಿಯಾರ ಯಾರದು

ಮೇಲಿನ ಪ್ರಯೋಗದಲ್ಲಿ ಥ್ರಾಟಲ್ ಇತ್ತು, ರಿಸೀವರಿನಲ್ಲಿ ಇಲ್ಲ. ಇದು ಮರೆವಲ್ಲ. ಬ್ಲಾಕ್‌ಗಳಿಗೆ ತಮ್ಮದೇ ಗಡಿಯಾರ ಇಲ್ಲ. ಸ್ಯಾಂಪಲ್ ಬಂದಷ್ಟು ಬೇಗ ಕೆಲಸ ಮಾಡಿ ಮುಂದಕ್ಕೆ ತಳ್ಳುತ್ತವೆ. ಹಾಳೆಯಲ್ಲಿ ಯಂತ್ರಾಂಶ ಯಾವುದೂ ಇಲ್ಲದಿದ್ದರೆ ಪ್ರೊಸೆಸರಿನ ಪೂರ್ತಿ ಶಕ್ತಿ ಹೀರಿ ಓಡುತ್ತವೆ, ಅದನ್ನು ತಡೆಯಲು ಥ್ರಾಟಲ್. ಡಾಂಗಲ್ ಇದ್ದರೆ ಅದರೊಳಗೆ ಮಿಡಿಯುವ ಹರಳೇ (ಕ್ರಿಸ್ಟಲ್) ಗಡಿಯಾರ. ಅಲ್ಲಿ ಥ್ರಾಟಲನ್ನೂ ಇಟ್ಟರೆ ಎರಡು ಯಜಮಾನರಾಗಿ ಜಗಳ. ಸೌಂಡ್ ಕಾರ್ಡ್‌ಗೂ ಅದರದ್ದೇ ಹರಳಿದೆ ಎಂಬುದನ್ನು ಮರೆಯಬಾರದು. ಎರಡು ಹರಳುಗಳ 48 ಸಾವಿರ ಒಂದಕ್ಕೊಂದು ಪೂರ್ತಿ ಸಮ ಆಗುವುದಿಲ್ಲ. ಡಾಂಗಲಿನದು ಒಂದು ಕೂದಲೆಳೆ ನಿಧಾನವಾದರೆ ಆಗೊಮ್ಮೆ ಈಗೊಮ್ಮೆ ಸೌಂಡ್ ಕಾರ್ಡಿಗೆ ಸ್ಯಾಂಪಲ್ ಸಾಲದೆ ಟರ್ಮಿನಲಿನಲ್ಲಿ ‘ಎ, ಯು’ ಎಂಬ ಎರಡು ಅಕ್ಷರ ಬೀಳುತ್ತವೆ. ಆಡಿಯೋ ಅಂಡರ್‌ರನ್ ಎಂದು ಅದರ ಅರ್ಥ. ಅಪರೂಪಕ್ಕೆ ಬಿದ್ದರೆ ಚಿಂತೆ ಬೇಡ. ಸಾಲುಗಟ್ಟಿ ಬಿದ್ದರೆ ಮಾತ್ರ ಕಾಗದ ತೆಗೆದುಕೊಂಡು ಭಾಗಾಕಾರ ನೋಡಿ: 24 ಲಕ್ಷ ಭಾಗಿಸು 10 ಭಾಗಿಸು 5. ಆಡಿಯೋ ಸಿಂಕಿನಲ್ಲಿ ಬರೆದ ಅಂಕಿ ಆ ಉತ್ತರವೇ ಆಗಿರಬೇಕು. ಅಲ್ಲಿ 96,000 ಬರೆದಿದ್ದರೆ ಧ್ವನಿ ತುಂಡಾಗುತ್ತದೆ, 24,000 ಬರೆದಿದ್ದರೆ ವಾರ್ತೆ ಓದುವವರ ಕಂಠ ಒಂದು ಸ್ಥಾಯಿ ಕೆಳಗಿಳಿದು ನಡುನಡುವೆ ಮಾತು ಹಾರಿಹೋಗುತ್ತದೆ.

ಏನೂ ಕೇಳದಿದ್ದರೆ ಕೊನೆಯಿಂದ ಹುಡುಕಬೇಡಿ. ಸೋರ್ಸಿನ ಗೆರೆಗೆ ಒಂದು ಫ್ರೀಕ್ವೆನ್ಸಿ ಸಿಂಕ್ ಜೋಡಿಸಿ. ಸೊನ್ನೆಯ ಎರಡು ಬದಿಗೆ 600 ಕಿಲೋಹರ್ಟ್ಸ್‌ನಲ್ಲಿ ಎರಡು ದಿಬ್ಬ ಕಾಣಬೇಕು. ಕಾಣದಿದ್ದರೆ ತೊಂದರೆ ಆಂಟೆನಾದ್ದು ಅಥವಾ ಸಿಗ್ನಲ್ ಹಿಗ್ಗಿಸುವ ಗೇಯಿನ್‌ದು. 100 ಮೆಗಾಹರ್ಟ್ಸ್‌ನ ಅಲೆ ಮೂರು ಮೀಟರ್ ಉದ್ದ, ಆದ್ದರಿಂದ ಮುಕ್ಕಾಲು ಮುಕ್ಕಾಲು ಮೀಟರಿನ ಎರಡು ತಂತಿಗಳ ಡೈಪೋಲ್ ಕಟ್ಟಿ ಮಾಡಿನ ಹತ್ತಿರ ಏರಿಸಿದರೆ ಡಾಂಗಲ್ ಜೊತೆ ಬರುವ ಚೋಟುದ್ದದ ಕಡ್ಡಿಗಿಂತ ಎಷ್ಟೋ ಮೇಲು. ಲ್ಯಾಪ್‌ಟಾಪಿನ ಚಾರ್ಜರ್, ಎಲ್‌ಇಡಿ ಬಲ್ಬು, ಇನ್ವರ್ಟರುಗಳ ಕಿರಿಕಿರಿಯಿಂದ ದೂರವಿಡಲು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಬಳಸಿ. ಗೇಯಿನ್ ಗರಿಷ್ಠಕ್ಕೆ ಏರಿಸಿದರೆ 8 ಬಿಟ್‌ನ 256 ಮೆಟ್ಟಿಲುಗಳು ಬೇಗ ತುಂಬಿ, ಇಲ್ಲದ ಕಡೆಯೆಲ್ಲ ಸುಳ್ಳು ದಿಬ್ಬಗಳು ಏಳುತ್ತವೆ. ಏರಿಸುತ್ತ ಹೋಗಿ, ಹಿನ್ನೆಲೆಯ ಗದ್ದಲ ದಿಬ್ಬಕ್ಕಿಂತ ಬೇಗ ಏರತೊಡಗಿದಲ್ಲಿ ಸ್ವಲ್ಪ ಇಳಿಸಿ ನಿಲ್ಲಿಸಿ. ಮೊದಲ ಗೆರೆ ಸರಿಯಿದ್ದರೆ ಸಿಂಕನ್ನು ಎರಡನೆಯದಕ್ಕೆ ಸರಿಸಿ, ಅದರ ಬ್ಯಾಂಡ್‌ವಿಡ್ತ್ ಅಂಕಿಯನ್ನೂ 2,40,000ಕ್ಕೆ ಬದಲಿಸಿ. ಈಗ ನಡುವಿನಲ್ಲಿ ಒಂದೇ ದಿಬ್ಬ ಇರಬೇಕು.

ಪ್ರಸಾರ ಮಾಡಬಲ್ಲ ಯಂತ್ರಗಳಿಗೂ ಇದೇ ಬ್ಲಾಕ್‌ಗಳು ನಡೆಯುತ್ತವೆ, ಆದರೆ ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರೆದು ಪರವಾನಗಿ ಪಡೆಯದೆ ಆ ಕಡೆ ಕೈ ಹಾಕಬೇಡಿ. ಮೇಲೆ ಹೇಳಿದ ಡಾಂಗಲಿನ ಕೆಲಸ ಕೇಳುವುದಷ್ಟೇ.

ಧ್ವನಿ ಸಾಕಾದವರಿಗೆ ಕಡಲ ಬದಿಯಲ್ಲೇ ಮುಂದಿನ ಪಾಠ ಇದೆ. ಪಣಂಬೂರಿನ ಬಂದರಿಗೆ ಹೋಗಿಬರುವ ಹಡಗುಗಳು ತಮ್ಮ ಗುರುತು, ಜಾಗ, ವೇಗವನ್ನು ಎಐಎಸ್ ಎಂಬ ಪದ್ಧತಿಯಲ್ಲಿ 161.975 ಮತ್ತು 162.025 ಮೆಗಾಹರ್ಟ್ಸ್‌ಗಳಲ್ಲಿ ಹೇಳುತ್ತ ಸಾಗುತ್ತವೆ. ನಡು 162.000, ಎರಡು ಬದಿಗೆ 25 ಕಿಲೋಹರ್ಟ್ಸ್. ಡಾಂಗಲ್ 2 ಲಕ್ಷ 40 ಸಾವಿರದಲ್ಲೂ ಓಡುತ್ತದೆ, 24 ಲಕ್ಷ ಬೇಕಿಲ್ಲ. ಕ್ಸ್‌ಲೇಟಿಂಗ್ ಫಿಲ್ಟರಿನಲ್ಲಿ ಡೆಸಿಮೇಷನ್ 5 ಕೊಟ್ಟರೆ 48 ಸಾವಿರ. ಎಐಎಸ್‌ನ ವೇಗ ಸೆಕೆಂಡಿಗೆ 9,600 ಬಿಟ್. ಬಿಟ್ಟಿಗೆ ಸರಿಯಾಗಿ 5 ಸ್ಯಾಂಪಲ್ ಬಂತು. ಇಲ್ಲೂ ಮಾತು ಅಡಗಿರುವುದು ಆವರ್ತನದ ಓಲಾಟದಲ್ಲೇ, ಆದ್ದರಿಂದ ಕೋನದ ವ್ಯತ್ಯಾಸ ನೋಡುವ ಕ್ವಾಡ್ರೇಚರ್ ಡೀಮಾಡ್ ಬ್ಲಾಕ್ ಸಾಕು. ಆಡಿಯೋ ಸಿಂಕಿನ ಜಾಗಕ್ಕೆ ಅಲೆಯ ಆಕಾರ ತೋರಿಸುವ ಟೈಮ್ ಸಿಂಕ್ ಇಟ್ಟು, 46 ಸೆಂಟಿಮೀಟರ್ ತಂತಿಯನ್ನು ನೆಟ್ಟಗೆ ನಿಲ್ಲಿಸಿ ಕಾಯಿರಿ. ಹಡಗು ಮಾತಾಡಿದಾಗ ಗದ್ದಲದ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಏರಿಳಿಯುವ ಅಲೆ ಮೂಡಿ ಮಾಯವಾಗುತ್ತದೆ. ಅದರಿಂದ ಬಿಟ್‌ಗಳನ್ನು ಹೆಕ್ಕಲು ಸಿಂಬಲ್ ಸಿಂಕ್ ಬ್ಲಾಕ್ ಬೇಕು; ಅದು ಮೊದಲು ಕೇಳುವ ಅಂಕಿಗಳಲ್ಲಿ ಈ 5 ಕೂಡ ಒಂದು.